ಮಿಂಚಿನ ಗೋಲು

ನಾಪೋಕ್ಲು ಹಾಕಿ ಮೈದಾನದ ಸಾಮಾನಿನ ಪೆಟ್ಟಿಗೆಯಲ್ಲಿ ಒಂದು ಹಳೆಯ ಚೆಂಡೂ ಅಂಪೈರ್ ಊದುತ್ತಿದ್ದ ಹಳೆಯ ಸೀಟಿಯೂ ಒಟ್ಟಿಗಿದ್ದವು. ಅಲ್ಲಿ ಮೂವತ್ತು ವರ್ಷ ಕಾಮೆಂಟರಿ ಹೇಳಿದ ಚೀಯಣ್ಣನವರನ್ನು ಚೆಂಡು ಅಂದೂ ನೆನೆಯಿತು.

"ಫೈನಲ್ಲಿನಲ್ಲಿ ನಾನು ಗೋಲಿಗೆ ಹೋದಾಗ, 'ನೋಡಿ, ಅದು ಚೆಂಡಲ್ಲ, ಮಿಂಚು' ಅಂದರು."

"ಶುದ್ಧ ಸುಳ್ಳು," ಎಂದಿತು ಸೀಟಿ. "ಒದ್ದೆ ಹುಲ್ಲಿನಲ್ಲಿ ನೀನು ತೆವಳಿಕೊಂಡು ಹೋದದ್ದನ್ನು ನಾನೇ ನೋಡಿದ್ದೇನೆ."

"ತೆವಳಿದ್ದು ನಿಜ. ಅವರ ಮಾತು ಕೇಳಿ ನಾಚಿಕೆಯಾಯಿತು. ಎರಡನೆಯ ಗೋಲಿಗೆ ನಿಜವಾಗಿಯೂ ಮಿಂಚಿನಂತೆ ಹೋದೆ."

"ಇರಬಹುದು. ಊರನ್ನೆಲ್ಲ ಹೊಗಳಿದ ಮನುಷ್ಯ ನನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ."

"ಆಡಲಿಲ್ಲ, ಒಪ್ಪುತ್ತೇನೆ. ಮಳೆ ಬರಲಿ, ಮಂತ್ರಿ ಬರಲಿ, ಅವರ ಬಾಯಿ ನಿಂತದ್ದಿಲ್ಲ. ನಿನ್ನ ದನಿ ಕೇಳಿದರೆ ಮಾತ್ರ ಅರ್ಧ ಆಡಿದ ಮಾತನ್ನೂ ನುಂಗಿ ಸುಮ್ಮನಾಗುತ್ತಿದ್ದರು. ನೀನು ಮುಗಿಸಿದ ಮೇಲೆಯೇ ಅವರ ಮುಂದಿನ ಮಾತು."

ಸೀಟಿ ಚೆಂಡಿನ ಹತ್ತಿರಕ್ಕೆ ಸರಿದು, "ಆ ಮೊದಲನೆಯ ಮಿಂಚಿನ ಗೋಲು ಹೇಗಾಯಿತು, ಇನ್ನೊಮ್ಮೆ ಹೇಳು," ಎಂದಿತು.