ಟೀವಿ ಆರಿಸುತ್ತಿದ್ದ ಗುರಪಾದಪ್ಪ

ಬಹಳ ಹಿಂದಿನ ಮಾತು. ಒಂದೂರು, ಆ ಊರಿಗೆ ಸಾಸಲಮಟ್ಟಿ ಅಂತ ಹೆಸರು. ಯಾವ ವರ್ಷ ಅಂತ ಕೇಳಬೇಡಿರಪ್ಪಾ, ಶಿವನ ಹತ್ತಿರ ವರ್ಷಕ್ಕೆ ಹೆಸರಿಲ್ಲ. ಮನೆಮನೆಗೂ ಟೀವಿ ಬಂದಿತ್ತು, ಕೈಕೈಗೂ ಫೋನು ಇನ್ನೂ ಬಂದಿರಲಿಲ್ಲ, ಅಷ್ಟು ತಿಳಿದುಕೊಂಡರೆ ಸಾಕು.

ಆ ಊರಿನ ನೇಕಾರರ ಓಣಿಯಲ್ಲಿ ಗುರಪಾದಪ್ಪ ಅಂತ ಒಬ್ಬನಿದ್ದನಂತೆ. ಕೆಟ್ಟ ರೇಡಿಯೊ, ಕೆಟ್ಟ ಟೀವಿ ದುರಸ್ತಿ ಮಾಡುವವನು. ಕೆಟ್ಟದ್ದು ಅನ್ನುವ ಮಾತನ್ನೇ ಆಡುತ್ತಿರಲಿಲ್ಲವಂತೆ. ‘ಮುನಿಸಿಕೊಂಡೈತಿ’ ಅನ್ನುತ್ತಿದ್ದನಂತೆ. ಹೆಂಡತಿ ಪಾರವ್ವ. ಒಬ್ಬಳೇ ಮಗಳು, ನೀಲಾ.

ಆ ನೀಲಾ ಹನ್ನೊಂದನೆಯ ವರ್ಷಕ್ಕೆ ಜ್ವರ ಬಂದು ಹೋದಳು. ಶಿವ ಕೊಟ್ಟ, ಶಿವ ಕರೆದ, ಅದಕ್ಕೆ ನಾವೇನು ಹೇಳುವುದು? ಆದರೆ ಕೂಸಿನ ಹೆಣವನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದಾಗ, ಪಕ್ಕದ ಮನೆಯ ಟೀವಿ ನಗುತ್ತಿತ್ತಂತೆ. ಯಾವುದೋ ನಗೆಯ ಆಟ. ಒಬ್ಬ ಒಂದು ಮಾತು ಹೇಳುವುದು, ನೂರು ಮಂದಿ ಹೋ ಅಂತ ನಗುವುದು. ಪಾರವ್ವ ಮಗಳ ಕಾಲು ಹಿಡಿದು ಕೂತವಳು ಗಂಡನನ್ನು ನೋಡಿ ಒಂದೇ ಮಾತು ಕೇಳಿದಳಂತೆ.

“ಆ ನಗು ಒಂದು ನಿಲ್ಲಸ್ರಿ.”

ಅವನು ಹೋಗಿ ಬಾಗಿಲು ಬಡಿದ. ಟೀವಿಯ ಸದ್ದಿಗೆ ಒಳಗಿನವರಿಗೆ ಬಡಿತ ಕೇಳಿಸಲೇ ಇಲ್ಲ. ಮತ್ತೆ ಬಡಿದ. ಕೂಸನ್ನು ಮಣ್ಣಿಗೆ ಒಯ್ಯುವ ತನಕ ಆ ನೂರು ಮಂದಿ ನಗುತ್ತಲೇ ಇದ್ದರಂತೆ.

ನೋಡಿ, ಆ ಓಣಿಯವರು ಕೆಟ್ಟವರಲ್ಲ. ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಹೆಣ ಎತ್ತುವ ತನಕ ಯಾರೂ ಒಲೆ ಹಚ್ಚುತ್ತಿರಲಿಲ್ಲ, ಯಾರೂ ಮಗ್ಗಕ್ಕೆ ಕೂರುತ್ತಿರಲಿಲ್ಲ. ಅದು ಹಿರಿಯರು ಹಾಕಿಕೊಟ್ಟ ಕಟ್ಟು. ಟೀವಿಗೆ ಮಾತ್ರ ಕಟ್ಟು ಇರಲಿಲ್ಲ. ಹಿರಿಯರು ಟೀವಿ ನೋಡದೆಯೇ ಹೋಗಿಬಿಟ್ಟಿದ್ದರಲ್ಲ, ಅದರ ಮಾತು ಅವರಿಗೆ ಹೇಗೆ ಹೊಳೆಯಬೇಕು?

ಆಮೇಲೆ ಒಂದು ದಿನ ಗುರಪಾದಪ್ಪ ಶಹರದ ಗುಜರಿಯಿಂದ ಅಂಗೈಯಗಲದ ಒಂದು ಕಂಪ್ಯೂಟರು ತಂದನಂತೆ. ಯಾವ ಸಾಹೇಬರು ಬಿಸಾಕಿದ್ದೋ. ಎರಡು ಸಣ್ಣ ಸೆಲ್ಲಿನ ಮೇಲೆ ನಡೆಯುವಂಥದ್ದು. ಅದರ ನೆತ್ತಿಯಲ್ಲಿ ಒಂದು ಕರಿ ಕಣ್ಣು, ಟೀವಿ ರಿಮೋಟಿಗೆ ಇರುವಂಥದ್ದೇ. ರಿಮೋಟನ್ನು ಅದರ ಎದುರು ಹಿಡಿದು ಗುಂಡಿ ಒತ್ತಿದರೆ, ರಿಮೋಟಿನ ಕಣ್ಣಿಂದ ಹೊರಡುವ ಕಾಣದ ಬೆಳಕನ್ನು ಅದು ಕಲಿತುಕೊಳ್ಳುತ್ತಿತ್ತು. ಕಲಿತ ಮೇಲೆ ಆ ಟೀವಿ ಅದರ ಮಾತು ಕೇಳುತ್ತಿತ್ತು.

ಬಿಸಿಲು ಬಿದ್ದರೆ ಆ ಕಲಿಕೆ ಕೆಡುತ್ತಿತ್ತಂತೆ. ಅದಕ್ಕೆ ಅವನು ಎರಡರ ತಲೆಯ ಮೇಲೂ ಒಂದು ವಸ್ತ್ರ ಮುಚ್ಚುತ್ತಿದ್ದ. ಗುರುಗಳು ಶಿಷ್ಯನ ತಲೆಗೆ ವಸ್ತ್ರ ಹೊದಿಸಿ ಕಿವಿಯಲ್ಲಿ ಮಂತ್ರ ಹೇಳುವುದಿಲ್ಲವೆ, ಹಾಗೇ ಕಾಣುತ್ತಿತ್ತು. ಓಣಿಯವರು ಅದಕ್ಕೆ ‘ಉಪದೇಶ’ ಅಂತಲೇ ಹೆಸರಿಟ್ಟರು. ‘ನಮ್ಮ ಟೀವಿದು ಉಪದೇಶ ಆತು, ನಿಮ್ಮದು ಆತೇನು?’ ಅಂತ ಹೆಣ್ಣುಮಕ್ಕಳು ನೀರಿನ ನಲ್ಲಿಯ ಹತ್ತಿರ ಕೇಳಿಕೊಳ್ಳುತ್ತಿದ್ದರಂತೆ. ಒಬ್ಬ ಮುದುಕಿ, ‘ಗುರಪಾದಾ, ನಮ್ಮ ಅಳಿಯಾನೂ ಯಾರ ಮಾತೂ ಕೇಳಂಗಿಲ್ಲ, ಅವಗೂ ಒಂದೀಟು ವಸ್ತ್ರ ಹೊಚ್ಚಪಾ’ ಅಂದಳಂತೆ.

ಹೀಗೆ ಓಣಿಯ ನಲವತ್ತೂ ಮನೆಯ ಟೀವಿ ಆ ಅಂಗೈಯಗಲದ ಪೆಟ್ಟಿಗೆಯೊಳಗೆ ಬಂದು ಕೂತವು. ರಿಮೋಟು ಕಳೆದರೆ, ಒಡೆದರೆ, ಜನ ಗುರಪಾದಪ್ಪನನ್ನು ಕರೆಯುತ್ತಿದ್ದರು. ಅದಕ್ಕಾಗಿಯೇ ಮಾಡಿದ್ದಾನೆ ಅಂತ ಎಲ್ಲರೂ ತಿಳಿದಿದ್ದರು. ಯಾತಕ್ಕೆ ಮಾಡಿದ್ದ ಅನ್ನುವುದು ಪಾರವ್ವನಿಗೊಬ್ಬಳಿಗೇ ಗೊತ್ತಿತ್ತು.

ಮುಂದೆ ಓಣಿಯಲ್ಲಿ ಒಂದು ಸಾವಾಯಿತು. ಗುರಪಾದಪ್ಪ ಕಂಪ್ಯೂಟರು ಹಿಡಿದು ಮೆಲ್ಲಗೆ ಓಣಿಗುಂಟ ನಡೆದ. ಟೀವಿಯ ಸದ್ದು ಬರುವ ಮನೆಯ ಮುಂದೆ ಮಾತ್ರ ನಿಂತು, ಕಿಟಕಿಯಿಂದ ಕೈ ಚಾಚಿ, ಹೆಬ್ಬೆರಳು ಒತ್ತಿದ. ಟೀವಿ ಆರಿತು. ಮುಂದಿನ ಮನೆ. ಆರಿತು. ಒಂದು ಮಾತಿಲ್ಲ, ಒಂದು ಬೈಗುಳವಿಲ್ಲ. ಹೊರಗೆ ಬಂದು ನೋಡಿದವರು ಸತ್ತ ಮನೆಯ ಅಳು ಕೇಳಿ, ತಾವೇ ನಾಚಿಕೊಂಡು ಒಳಗೆ ಹೋದರಂತೆ. ಅವತ್ತಿನಿಂದ ಪ್ರತಿ ಸಾವಿಗೂ ಹಾಗೆಯೇ. ಮೂರು ಹರದಾರಿ ಆಚೆಯ ಊರಿನ ಟೀವಿಯನ್ನೂ ಆರಿಸುತ್ತಿದ್ದ ಅಂತ ಹೇಳುವವರಿದ್ದಾರೆ. ನಾನು ಕಂಡಿಲ್ಲ, ಇಲ್ಲ ಅಂತಲೂ ಅನ್ನುವುದಿಲ್ಲ.

ಆದರೆ ಒಳ್ಳೆಯದಕ್ಕೂ ಒಂದು ಪರೀಕ್ಷೆ ಬರುತ್ತದಲ್ಲ. ನೇಕಾರರ ಕಂಡಿಕೆಗಳಿಗೆ ನೂಲು ಸುತ್ತಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದ ಬಾಗವ್ವ ಅನ್ನುವ ಮುದುಕಿ ಒಂದು ಸಂಜೆ ತೀರಿಕೊಂಡಳು. ಅವಳಿಗೆ ಹಿಂದಿಲ್ಲ ಮುಂದಿಲ್ಲ. ಅವತ್ತೇ, ಎರಡು ವರ್ಷದಿಂದ ಓಣಿಯೆಲ್ಲ ನೋಡುತ್ತಿದ್ದ ಧಾರಾವಾಹಿಯಲ್ಲಿ ನಾಯಕಿಯ ಮದುವೆ. ತಾಳಿ ಕಟ್ಟಬೇಕು, ಗಟ್ಟಿಮೇಳ ಬಾರಿಸಬೇಕು, ಅಷ್ಟರಲ್ಲಿ ಗುರಪಾದಪ್ಪ ಓಣಿಗುಂಟ ಬಂದ, ನಲವತ್ತೂ ಮನೆಯ ಟೀವಿ ಒಂದರ ಹಿಂದೊಂದು ಆರಿದವು.

ಓಣಿಯ ಹಿರಿಯ ಈರಪಾಕ್ಷಪ್ಪ ಕೆಂಡವಾಗಿ ಹೊರಗೆ ಬಂದ. ಮಂದಿ ಕೂಡಿದರು. ತಾಳಿಯನ್ನೇ ತಡೆದ ಅಪಶಕುನದವನು ಅಂತ ಹೆಂಗಸರೂ ಬೈದರಂತೆ.

“ಸತ್ತಾಕಿ ಬಾಗವ್ವ. ಆಕೀಗೆ ಯಾರ ಅದಾರೋ, ಇಷ್ಟೆಲ್ಲಾ ಮಾಡಾಕ?” ಅಂದ ಈರಪಾಕ್ಷಪ್ಪ.

“ಯಾರೂ ಇಲ್ಲ. ಅದಕ್ಕಽ ರೀ ಯಪ್ಪಾ,” ಅಂದನಂತೆ ಗುರಪಾದಪ್ಪ.

ಈರಪಾಕ್ಷಪ್ಪನಿಗೆ ಆ ಮಾತು ಇನ್ನಷ್ಟು ಚುಚ್ಚಿತು. ಕಂಪ್ಯೂಟರನ್ನು ಕಸಿದು, ಬೆನ್ನು ಬಿಚ್ಚಿ ಎರಡೂ ಸೆಲ್ಲು ತೆಗೆದು ಕಿಸೆಗೆ ಹಾಕಿಕೊಂಡ. ಪೆಟ್ಟಿಗೆ ನಿನ್ನ ಹತ್ತಿರ ಇರಲಿ, ಸೆಲ್ಲು ಮೂರು ದಿನ ನನ್ನ ಹತ್ತಿರ ಇರಲಿ, ಬುದ್ಧಿ ಬರಲಿ ಅಂದ. ಅವನಿಗೆ ಅದು ಸಣ್ಣ ಶಿಕ್ಷೆ. ಗುರಪಾದಪ್ಪ ಮಾತ್ರ ಕೈ ಮುಗಿದ. ಸೆಲ್ಲು ತೆಗೆದಿಟ್ಟರೆ ಅದಕ್ಕೆ ಮರವು ಬರುತ್ತದೆ, ಕಲಿತದ್ದೆಲ್ಲ ಹೋಗುತ್ತದೆ ಅಂತ ಬೇಡಿಕೊಂಡ. ಜನ ನಕ್ಕರಂತೆ. ಮರವು ಬರಲು ಪೆಟ್ಟಿಗೆ ನಿಮ್ಮಜ್ಜಿ ಏನೋ ಅಂದರಂತೆ.

ಮೂರು ದಿನಕ್ಕೆ ಸೆಲ್ಲು ತಿರುಗಿ ಬಂದವು. ಹಾಕಿದ. ದೀಪ ಹತ್ತಿತು. ಒಳಗೆ ಏನೂ ಇರಲಿಲ್ಲ. ನಲವತ್ತು ಮನೆಯಲ್ಲಿ ಒಂದು ಮನೆಯೂ ಇರಲಿಲ್ಲ. ಆಗ ಹುಟ್ಟಿದ ಕೂಸಿನ ಹಾಗೆ ಆಗಿಬಿಟ್ಟಿತ್ತು.

ಮತ್ತೆ ಕಲಿಸೋಣ ಅಂತ ಮೊದಲು ಈರಪಾಕ್ಷಪ್ಪನ ಮನೆಗೇ ಹೋದನಂತೆ. ಸೊಸೆ ಬಾಗಿಲಲ್ಲೇ ನಿಂತು, ರಿಮೋಟು ಎಲ್ಲಿಟ್ಟೇವೋ ಸಿಗಲೊಲ್ಲದು ಕಾಕಾ ಅಂದಳು. ಅವಳ ಹಿಂದೆ ಮಂಚದ ಮೇಲೆ ರಿಮೋಟು ಬಿದ್ದಿತ್ತು. ಅವನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು. ‘ಆಗಲಿ ತಾಯಿ’ ಅಂದು ತಿರುಗಿ ಬಂದವನು ಮತ್ತೆ ಯಾರ ಮನೆಗೂ ಹೋಗಿ ಕೇಳಲಿಲ್ಲ.

ಪಾರವ್ವನಿಗೂ ಹೇಳಲಿಲ್ಲ. ಅಷ್ಟರಲ್ಲಿ ಅವಳು ಹಾಸಿಗೆ ಹಿಡಿದಿದ್ದಳು. ಎದೆಯ ಬೇನೆ, ಇನ್ನು ಏಳುವುದಿಲ್ಲ ಅಂತ ಡಾಕ್ಟರೂ ಹೇಳಿ ಹೋಗಿದ್ದರು. ಅವಳಿಗೆ ಬೇರೆ ಆಸೆ ಇರಲಿಲ್ಲವಂತೆ. ನೀಲಾಗೆ ಸಿಗದ ಒಂದು ಗಳಿಗೆಯ ಮೌನ ತನಗಾದರೂ ಸಿಗಬೇಕು, ಇಷ್ಟೇ. ಆಗಾಗ ಕೇಳುತ್ತಿದ್ದಳು.

“ಎಲ್ಲಾರ ಮನೀದೂ ಐತಲ್ರಿ ಅದರಾಗ?”

ಅವನು ಆ ಖಾಲಿ ಕಂಪ್ಯೂಟರನ್ನು ಅವಳ ಅಂಗೈಯಲ್ಲಿಟ್ಟು, “ಐತಿ ಪಾರೂ, ಎಲ್ಲಾ ಐತಿ,” ಅನ್ನುತ್ತಿದ್ದನಂತೆ.

ಆ ಶರಣ ಜನ್ಮದಲ್ಲಿ ಆಡಿದ ಸುಳ್ಳು ಅದೊಂದೇ. ಶಿವ ಅದನ್ನು ಸುಳ್ಳಿನಲ್ಲಿ ಎಣಿಸಲಿಲ್ಲ ಅಂತ ನಾನು ನಂಬಿದ್ದೇನೆ.

ಶ್ರಾವಣದ ಒಂದು ಮಧ್ಯಾಹ್ನ ಪಾರವ್ವ ಶಿವನ ಪಾದ ಸೇರಿದಳು. ಓಣಿಯಲ್ಲಿ ಒಲೆ ಆರಿದವು, ಮಗ್ಗ ನಿಂತವು. ಕೆಲಸವಿಲ್ಲದ ಹೊತ್ತು, ಟೀವಿ ಮಾತ್ರ ಇನ್ನೂ ಜೋರಾಗಿದ್ದವು. ಗುರಪಾದಪ್ಪ ಹೆಂಡತಿಗೆ ವಿಭೂತಿ ಹಚ್ಚಿದ, ಗೋಡೆಗೆ ಒರಗಿಸಿ ಕೂರಿಸಿದ. ಆಮೇಲೆ ಕಂಪ್ಯೂಟರು ತೆಗೆದುಕೊಂಡು ಹೊರಗೆ ಬಂದನಂತೆ.

ಅದರಲ್ಲಿ ಏನೂ ಇಲ್ಲ ಅಂತ ಅವನಿಗೆ ಗೊತ್ತಿತ್ತು. ಮತ್ತೆ ಕಲಿಸಲು ರಿಮೋಟು ಕೇಳಿಕೊಂಡು ಹೋಗಿದ್ದನಲ್ಲ, ಓಣಿಗೂ ಗೊತ್ತಿತ್ತು. ಆದರೂ ಮೊದಲ ಮನೆಯ ಕಿಟಕಿಯ ಮುಂದೆ ನಿಂತು ಕೈ ಚಾಚಿದ, ಹೆಬ್ಬೆರಳು ಒತ್ತಿದ.

ಅದು ಈರಪಾಕ್ಷಪ್ಪನ ಮನೆ. ಒಳಗೆ ಟೀವಿಯ ಮುಂದೆ ಕೂತಿದ್ದ ಆ ಸೊಸೆ ತಲೆಯೆತ್ತಿದಳು. ಕಿಟಕಿಯಲ್ಲಿ ಚಾಚಿದ ಕೈ, ಆ ಕೈಯಲ್ಲಿ ಏನೂ ಮಾಡಲಾರದ ಪೆಟ್ಟಿಗೆ. ಅವಳು ರಿಮೋಟಿಗೆ ಕೈ ಹಾಕಿದಳಂತೆ, ಬೆರಳಿಗೆ ಗುಂಡಿ ಸಿಗಲಿಲ್ಲವಂತೆ. ಎದ್ದು ಹೋಗಿ ಗೋಡೆಯ ವೈರನ್ನೇ ಕಿತ್ತಳು.

ಟೀವಿ ಆರಿತು.

ಮುಂದಿನ ಮನೆಯ ಮುಂದೆ ನಿಂತ. ಒಳಗಿನವರು ಆರಿಸಿದರು. ಅದರ ಮುಂದಿನದು. ಆರಿತು. ಯಾರೂ ಹೊರಗೆ ಬರಲಿಲ್ಲ, ಯಾರೂ ತಮ್ಮ ಕೈ ತೋರಿಸಲಿಲ್ಲ. ಓಣಿಯ ಕೊನೆ ಮುಟ್ಟುವ ಹೊತ್ತಿಗೆ ಎಲ್ಲೋ ಒಂದು ಕೂಸು ಕೆಮ್ಮಿದ್ದೂ ಕೇಳಿಸುತ್ತಿತ್ತಂತೆ. ಅವನು ಮರಳಿ ಬಂದು, ಪಾರವ್ವನ ಕಿವಿಯ ಹತ್ತಿರ ಬಾಗಿ, ‘ನಿಂತೈತಿ, ಕೇಳು’ ಅಂದನಂತೆ.

ಪೆಟ್ಟಿಗೆಯ ಮರವು ಕಳೆದು ನೆನಪು ಮರಳಿತು ಅಂತ ಕೆಲವರು ಹೇಳುತ್ತಾರೆ. ಪವಾಡ ಅಂತ ಕೈ ಮುಗಿಯುತ್ತಾರೆ. ನಾನೂ ಮುಗಿಯುತ್ತೇನೆ. ನನ್ನ ಮಟ್ಟಿಗೆ, ಅವತ್ತು ನಲವತ್ತು ಮನೆಯೊಳಗಿನ ನಲವತ್ತು ಕೈಯಲ್ಲೂ ಶಿವನೇ ಇದ್ದ. ಆ ಕಂಪ್ಯೂಟರನ್ನು ಪಾರವ್ವನ ಜೊತೆಗೇ ಮಣ್ಣಿನಲ್ಲಿಟ್ಟರಂತೆ. ಮುಂದಿನ ಶ್ರಾವಣ ಬರುವುದರೊಳಗೆ ಗುರಪಾದಪ್ಪನೂ ಹೋದ.

ಇವತ್ತಿಗೂ ಆ ಓಣಿಯಲ್ಲಿ ಒಂದು ಸಾವಾದರೆ, ಸತ್ತ ಮನೆಯವರೊಬ್ಬರು ಬರಿಗೈ ಚಾಚಿಕೊಂಡು ಮನೆಮನೆಯ ಮುಂದೆ ನಡೆಯುತ್ತಾರೆ. ಕೈಯಲ್ಲಿ ಏನೂ ಇರುವುದಿಲ್ಲ. ಹೆಬ್ಬೆರಳು ಮಾತ್ರ ಒಮ್ಮೆ ಬಾಗುತ್ತದೆ. ಒಳಗಿನವರು ಟೀವಿ ಆರಿಸುತ್ತಾರೆ. ಯಾರೂ ಇಲ್ಲದವರು ಸತ್ತರೆ, ಈರಪಾಕ್ಷಪ್ಪನ ಮನೆತನದವರು ನಡೆಯುತ್ತಾರೆ.