ಕೆರೆಯಲ್ಲೇ ಉಳಿದ ಹೆಬ್ಬಾತು

ಪ್ರತಿ ಚಳಿಗಾಲ ಹಿಮದ ನಾಡಿನಿಂದ ಬರುತ್ತಿದ್ದ ಮುದಿ ಹೆಬ್ಬಾತು ಒಂದು ಸಲ ಹಿಂಡಿನ ಜೊತೆ ಮರಳಲಿಲ್ಲ. ಬಯಲುಸೀಮೆಯ ಬೆಚ್ಚಗಿನ ಕೆರೆಯಲ್ಲೇ ಮುಪ್ಪು ಕಳೆಯುತ್ತೇನೆಂದು ನಿಂತಿತು. ಅದು ಆ ಕೆರೆಯ ಚಳಿಗಾಲವನ್ನಷ್ಟೇ ಕಂಡಿತ್ತು.

ಹೆಬ್ಬಾತುಗಳನ್ನು ನೋಡಲು ದೂರದ ಜನ ಬರುತ್ತಿದ್ದರು. ಬೇಟೆಗಾರರು ಬಾರದಂತೆ ಊರವರು ಪ್ರತಿ ಚಳಿಗಾಲ ಕೆರೆಗೆ ಕಾವಲುಗಾರನನ್ನೂ ಇಡುತ್ತಿದ್ದರು. ಅಲ್ಲೇ ಹುಟ್ಟಿದ, ಹಣೆಯಲ್ಲಿ ಬಿಳಿ ನಾಮವಿದ್ದ ಕರಿ ನೀರುಹಕ್ಕಿ ನಾಮದ ಕೋಳಿಗೆ ಇದೆಲ್ಲ ಕಂಡು ಹೊಟ್ಟೆ ಉರಿಯುತ್ತಿತ್ತು.

“ಇಲ್ಲಿ ಹುಟ್ಟಿದವರು ನಾವು, ಮೆರವಣಿಗೆ ನಿಮಗೆ! ನನ್ನನ್ನು ನೋಡಲು ಒಬ್ಬನಾದರೂ ಬಂದಿದ್ದಾನೆಯೇ, ಅಜ್ಜಾ?” ಎಂದಿತು ಅದು.

“ಸಿಟ್ಟಾಗಬೇಡ, ತಮ್ಮಾ. ಒಂದು ಮಾತು ಹೇಳು,” ಎಂದಿತು ಹೆಬ್ಬಾತು. “ಬೇಸಿಗೆಯಲ್ಲಿ ನಮ್ಮ ರೆಕ್ಕೆಯ ಗರಿಗಳು ಒಮ್ಮೆಗೇ ಉದುರುತ್ತವೆ. ಹೊಸವು ಬರುವ ತನಕ ಹಾರಲಾರೆ, ನೀರಿನ ನಡುವೆ ಇದ್ದರಷ್ಟೇ ಬದುಕುತ್ತೇನೆ. ಈ ಕೆರೆ ಬತ್ತುತ್ತದೆಯೇ?”

ಕೆರೆ ಪ್ರತಿ ಬೇಸಿಗೆಯೂ ಬತ್ತುತ್ತಿತ್ತು. ಆಗ ನಾಮದ ಕೋಳಿ ನದಿಗೆ ಹಾರಿಹೋಗುತ್ತಿತ್ತು.

“ದೊಡ್ಡವರಿಗೇಕೆ ಚಿಂತೆ? ನೀವಿದ್ದ ಕಡೆ ನೀರು ತಾನಾಗಿ ನಿಲ್ಲುತ್ತದೆ,” ಎಂದಿತು.

ಬೇಸಿಗೆ ಬಂತು. ಗರಿ ಉದುರಿತು, ಕೆರೆ ಬತ್ತಿತು. ಬಿರುಕುಬಿಟ್ಟ ಮಣ್ಣಿನ ಮೇಲೆ ತಡವರಿಸುತ್ತಿದ್ದ ಹೆಬ್ಬಾತನ್ನು ಊರ ನಾಯಿಗಳು ದಡಕ್ಕೆಳೆದು ಹರಿದು ತಿಂದವು.

ಮಳೆಗೆ ಕೆರೆ ತುಂಬಿತು, ನಾಮದ ಕೋಳಿ ನದಿಯಿಂದ ಮರಳಿತು, ಚಳಿಗೆ ಹಿಂಡು ಬಂತು. “ನಮ್ಮ ಹಿರಿಯ ಎಲ್ಲಿ?” ಎಂದು ಕೂಗಿತು. ನಾಮದ ಕೋಳಿ ಜೊಂಡಿನೊಳಗೆ ಅಡಗಿತು. ಹಿಂಡು ದಡದಲ್ಲಿ ಬಿದ್ದಿದ್ದ ಎಲುಬುಗಳನ್ನು ಕಂಡು ಬೇರೆ ಕೆರೆಗೆ ಹೋಯಿತು. ನೋಡುವ ಜನ ಬರುವುದು ನಿಂತಿತು, ಕಾವಲುಗಾರನೂ ಹೋದ.

“ಇನ್ನು ಕೆರೆ ನಮ್ಮದು!” ಎಂದು ನಾಮದ ಕೋಳಿ ನಡುನೀರಿಗೆ ಈಜಿತು. ದಡದಲ್ಲಿ ಇಬ್ಬರು ಬೇಟೆಗಾರರು ಬಲೆ ಬಿಡಿಸತೊಡಗಿದ್ದರು.