ಡಬ್ಬಿ ಊಟಕ್ಕೆ ನೀಲವ್ವನ ಉತ್ತರ

ಹಸಿದವರ ಮುಂದೆ ತುತ್ತಾಗಿ ಬರುವ ಶಿವನಿಗೆ ಶರಣು.

ಮಠದ ಪ್ರಸಾದನಿಲಯದಲ್ಲಿ ಅಡುಗೆ ಮಾಡುವ ನೀಲವ್ವನ ಮುಂದೆ ವ್ಯವಸ್ಥಾಪಕರು ರೆಡಿಮೇಡ್ ಬಿಸಿಬೇಳೆಬಾತಿನ ಡಬ್ಬಿ ಇಟ್ಟರು.

“ಬಿಸಿನೀರು ಹಾಕಿದ್ರ ಐದು ನಿಮಿಷದಾಗ ಊಟ. ನೀನೂ ಥೇಟ್ ಇದರ ಹಾಂಗ ಮಾಡು. ಆಗಲಿಲ್ಲಂದ್ರ ನಾಳೆಯಿಂದ ಕೆಲಸಕ್ಕ ಬರಬ್ಯಾಡ.”

“ಆತ್ರೀ,” ಎಂದ ನೀಲವ್ವ ಡಬ್ಬಿಯನ್ನು ಒಲೆಯ ಪಕ್ಕ ನಿಲ್ಲಿಸಿಕೊಂಡು, ನೋಡಿ ನೋಡಿ ಅಡುಗೆ ಮಾಡಿದಳು. ಬಟಾಣಿ, ಗೋಡಂಬಿ, ಮೇಲೆ ತುಪ್ಪ. ಘಮ ಓಣಿ ದಾಟಿತು.

ವ್ಯವಸ್ಥಾಪಕರು ಹೋಲಿಸಿ ನೋಡಲೆಂದು ಡಬ್ಬಿ ಒಡೆದು ಬಿಸಿನೀರು ಸುರಿದರು. ತೆಳ್ಳನೆಯ ಗಂಜಿಯಾಯಿತು. ಗೋಡಂಬಿಯ ಸುಳಿವಿಲ್ಲ.

“ಎರಡೂ ಬ್ಯಾರೆ ಬ್ಯಾರೆ ಅದಾವಲ್ಲ?”

“ನಾ ಡಬ್ಬಿ ಮ್ಯಾಲಿನ ಚಿತ್ರ ನೋಡಿ ಮಾಡೀನ್ರೀ ಯಪ್ಪಾ. ಕಂಪನಿಯವರು ನೋಡಿಲ್ಲ ಕಾಣಸ್ತದ.”

“ನಾಳೆ ಲಗೂನ ಬಾ,” ಎನ್ನುತ್ತ ವ್ಯವಸ್ಥಾಪಕರು ಅವಳ ಪಾತ್ರೆಯ ಮುಂದೆ ತಟ್ಟೆ ಹಿಡಿದರು.

ಕೇಳಿದ ನಿಮ್ಮೆಲ್ಲರ ಮನೆಯ ಒಲೆ ಆರದಂತೆ ಶಿವ ಕಾಯಲಿ.